ಮುಂದಿನ ಲಾಕ್‌ಡೌನ್‌ಗೆ ಕೈಪಿಡಿ: ಕೆ.ಬಿ. ಕ್ರಾಸ್ ಆವೃತ್ತಿ

ಯಾರಿಗಾಗಿ

ಸದರಿ ಕೈಪಿಡಿಯನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಖಾಯಂ ನಿವಾಸಿಗಳಿಗೂ, ಬೆಂಗಳೂರಿನಿಂದ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿಕೊಂಡು ಊರು ಸೇರುವ ಅವರ ಮಕ್ಕಳು ಮೊಮ್ಮಕ್ಕಳಿಗೂ ಸಿದ್ಧಪಡಿಸಲಾಗಿದೆ. ಮೂರೂ ತಾಲ್ಲೂಕಿನ ದಾರಿಗಳು ಕೂಡುವ ಕಿಬ್ಬನಹಳ್ಳಿ ಕ್ರಾಸನ್ನೇ, ಅಂದರೆ ಕೆ.ಬಿ. ಕ್ರಾಸನ್ನೇ, ಮಾದರಿಯಾಗಿ ಇಟ್ಟುಕೊಂಡಿದ್ದೇವೆ. ಪೂರ್ವಕ್ಕೆ ಹೋದರೆ ತುಮಕೂರು, ಪಶ್ಚಿಮಕ್ಕೆ ತಿಪಟೂರು, ಉತ್ತರಕ್ಕೆ ಚಿಕ್ಕನಾಯಕನಹಳ್ಳಿ ಹುಳಿಯಾರು, ದಕ್ಷಿಣಕ್ಕೆ ತುರುವೇಕೆರೆ ಮಾಯಸಂದ್ರ. ಬ್ಯಾರಿಕೇಡ್ ಹಾಕುವವರಿಗೆ ಇದಕ್ಕಿಂತ ಅನುಕೂಲದ ಜಾಗ ಜಿಲ್ಲೆಯಲ್ಲೇ ಸಿಗದು. ಒಂದೇ ಕಡೆ ನಿಂತು ನಾಲ್ಕು ದಿಕ್ಕನ್ನೂ ಬೈಯಬಹುದು.

ಹಿಂದಿನ ಎರಡು ಆವೃತ್ತಿಗಳು, ಅಂದರೆ 2020 ಮತ್ತು 2021ರವು, ಅಚ್ಚಾಗಲೇ ಇಲ್ಲ. ಆಗ ಜನ ಪಾಠವನ್ನು ಸ್ವಲ್ಪ ಬಾಯಿಮಾತಿನಲ್ಲಿ, ಸ್ವಲ್ಪ ಬೆನ್ನಿನ ಮೇಲೆ ಕಲಿತರು.

ಕೂಡಿಹಾಕುವ ವಿದ್ಯೆ ಈ ಸೀಮೆಗೆ ಹೊಸತೇನಲ್ಲ. ಬಲಿತ ಕಾಯಿಯನ್ನು ಮಟ್ಟೆಸಮೇತ ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳು ಕತ್ತಲಲ್ಲಿ ಬಿಟ್ಟು, ಒಳಗಿನ ನೀರೆಲ್ಲ ಇಂಗಿ, ಅಲುಗಿಸಿದರೆ ಚಿಪ್ಪಿನೊಳಗೆ ಗಿಟುಕು ಲೊಟಲೊಟ ಅನ್ನುವವರೆಗೆ ಕಾಯುವವರು ನಾವು. ಹಾಗೆ ಕಾದರೆ ಉಂಡೆ ಕೊಬ್ಬರಿ ಆಗುತ್ತದೆ. ಇದನ್ನು ಕಂಡ ಯಾರೋ ದಿಲ್ಲಿಯಲ್ಲಿ ಮನುಷ್ಯರ ಮೇಲೂ ಪ್ರಯೋಗ ಮಾಡಿರಬೇಕು ಎಂಬ ಅನುಮಾನ ನನಗೆ ಇವತ್ತಿಗೂ ಇದೆ. ಆದರೆ ಕಾಯಿಗೆ ದಿನಗೂಲಿ ಇಲ್ಲ, ಸಂಘದ ಸಾಲದ ಕಂತಿಲ್ಲ.

ಆರಂಭಿಸುವ ವಿಧಾನ

ಲಾಕ್‌ಡೌನನ್ನು ರಾತ್ರಿ ಎಂಟು ಗಂಟೆಗೆ ಟಿ.ವಿ.ಯಲ್ಲಿ ಘೋಷಿಸಿ, ರಾತ್ರಿ ಹನ್ನೆರಡಕ್ಕೆ ಚಾಲೂ ಮಾಡತಕ್ಕದ್ದು. ನಡುವಿನ ನಾಲ್ಕು ಗಂಟೆ 130 ಕೋಟಿ ಜನಕ್ಕೆ ಅಕ್ಕಿ ಬೇಳೆ ತಂದುಕೊಳ್ಳಲು ಧಾರಾಳ ಸಾಕು.

2020ರ ಮಾರ್ಚ್ 24ರ ರಾತ್ರಿ ಹೀಗೇ ನಡೆಯಿತು. ಬೆಳಗಾದರೆ 25, ಯುಗಾದಿ. ಬೇವುಬೆಲ್ಲವನ್ನು ಮನೆಯೊಳಗೇ ತಿಂದು ಮುಗಿಸಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ತೊಡಕು ಬಂದದ್ದು ಮಾರನೇ ದಿನದ ಹೊಸತೊಡಕಿಗೆ. ನಾಲ್ಕು ಮನೆಯವರು ದುಡ್ಡು ಹಾಕಿ ಮರಿ ಕೊಯ್ದು, ಗುಡ್ಡೆ ಮಾಡಿ, ಸುತ್ತ ಕೂತು ಬಾಡು ಹಂಚಿಕೊಳ್ಳುವ ಪದ್ಧತಿ ನಮ್ಮ ಹಳ್ಳಿಗಳಲ್ಲಿದೆ. ಒಬ್ಬೊಬ್ಬರ ನಡುವೆ ಆರಡಿ ಬಿಟ್ಟು ಕೂತರೆ ತನ್ನ ಗುಡ್ಡೆಗೆ ಎಲುಬೆಷ್ಟು ಬಿತ್ತು, ಪಕ್ಕದವನಿಗೆ ಈಲಿ ಎಷ್ಟು ಹೋಯಿತು ಎಂದು ಕಣ್ಣಿಟ್ಟು ನೋಡುವುದು ಹೇಗೆ? ಮುಂದಿನ ಸಲ ಘೋಷಣೆ ಮಾಡುವವರು ಒಂದು ಒಂಟಿಕೊಪ್ಪಲ್ ಪಂಚಾಂಗ ತರಿಸಿ ನೋಡತಕ್ಕದ್ದು.

ಆದೇಶ ಓದುವ ವಿಧಾನ

ಓದದಿರುವುದೇ ಕ್ಷೇಮ. ಓದಲೇಬೇಕೆಂದು ಹಟ ಇದ್ದವರು ಮೂರು ಕಾನೂನನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ಮೊದಲನೆಯದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮುಂಬಯಿ ಪ್ಲೇಗಿನ ಕಾಲದಲ್ಲಿ ಬ್ರಿಟಿಷರು ಅವಸರಕ್ಕೆ ಬರೆದದ್ದು, ಮೂಲದಲ್ಲಿ ನಾಲ್ಕೇ ಕಲಂ. ಅದೇ ವರ್ಷದ ಜೂನ್‌ನಲ್ಲಿ ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು. ಪತ್ರಿಕೆಯಲ್ಲಿ ಬರೆದದ್ದಕ್ಕೆ ತಿಲಕರಿಗೆ ರಾಜದ್ರೋಹದ ಕಲಮಿನಲ್ಲಿ ಹದಿನೆಂಟು ತಿಂಗಳ ಸಜೆಯಾಯಿತು. ರೋಗ, ಪೊಲೀಸು, ಪತ್ರಿಕೆ ಮೂರೂ ಒಂದೇ ಓಣಿಯಲ್ಲಿ ಎದುರಾಗುವುದು ನಿನ್ನೆ ಮೊನ್ನೆಯ ಮಾತಲ್ಲ. ಎರಡನೆಯದು ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 188ನೇ ಕಲಂ: ಸರ್ಕಾರಿ ನೌಕರನ ಆಜ್ಞೆ ಮೀರಿದರೆ ಒಂದು ತಿಂಗಳು ಅಥವಾ 200 ರೂಪಾಯಿ, ಅದರಿಂದ ಜೀವಕ್ಕೆ ಅಪಾಯವಾಗುವಂತಿದ್ದರೆ ಆರು ತಿಂಗಳು ಅಥವಾ 1,000 ರೂಪಾಯಿ. ಮೂರನೆಯದು 2005ರ ವಿಪತ್ತು ನಿರ್ವಹಣಾ ಕಾಯ್ದೆ.

ಈ ಮೂರನ್ನೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರೂ ಬಸ್ಕಿ ಎಂಬ ಶಿಕ್ಷೆ ಸಿಗುವುದಿಲ್ಲ. ನಡುರಸ್ತೆಯಲ್ಲಿ ಕಪ್ಪೆಯ ಹಾಗೆ ಕುಪ್ಪಳಿಸುವುದೂ ಇಲ್ಲ, ಕುತ್ತಿಗೆಗೆ ಬೋರ್ಡು ನೇತುಹಾಕಿಕೊಂಡು ಫೋಟೊಗೆ ನಿಲ್ಲುವುದೂ ಇಲ್ಲ, ಟೈರಿನ ಗಾಳಿ ಬಿಡುವುದೂ ಇಲ್ಲ. ಅವೆಲ್ಲ ಅನುಬಂಧದಲ್ಲಿವೆ, ಅನುಬಂಧ ಪ್ರಕಟವಾಗಿಲ್ಲ. ಆಗ ರಾಜ್ಯದ ಕಾನೂನು ಸಚಿವರೂ ತುಮಕೂರು ಜಿಲ್ಲಾ ಉಸ್ತುವಾರಿ ಸಚಿವರೂ ಒಬ್ಬರೇ, ಅವರು ಚಿಕ್ಕನಾಯಕನಹಳ್ಳಿ ಶಾಸಕ ಜೆ.ಸಿ. ಮಾಧುಸ್ವಾಮಿ. ಆದ್ದರಿಂದ ಕಾನೂನು ಗೊತ್ತಿರಲಿಲ್ಲ ಎಂಬ ನೆಪ ಈ ಸೀಮೆಯವರಿಗೆ ಲಭ್ಯವಿರಲಿಲ್ಲ.

ಆದೇಶ ಬದಲಾಗುತ್ತಿರುತ್ತದೆ, ಗಾಬರಿಯಾಗಬಾರದು. 2020ರ ಡಿಸೆಂಬರಿನಲ್ಲಿ ರಾತ್ರಿ ಕರ್ಫ್ಯೂ ಘೋಷಿಸಿ ಮಾರನೇ ದಿನವೇ ವಾಪಸ್ ಪಡೆದರು. ಅದೇ ವರ್ಷ ಅಕ್ಟೋಬರಿನ ಶುರುವಿನಲ್ಲಿ ಮಾಸ್ಕ್ ಹಾಕದವರಿಗೆ ಪೇಟೆಯಲ್ಲಿ 1,000, ಹಳ್ಳಿಯಲ್ಲಿ 500 ಎಂದಿದ್ದ ದಂಡ ವಾರ ಕಳೆಯುವುದರೊಳಗೆ 250 ಮತ್ತು 100ಕ್ಕೆ ಇಳಿಯಿತು. ಕೊಬ್ಬರಿ ದರ ಕೂಡ ಇಷ್ಟು ಬೇಗ ಇಳಿದದ್ದನ್ನು ತಿಪಟೂರು ಮಾರುಕಟ್ಟೆ ಅಪರೂಪಕ್ಕೆ ಕಂಡಿದೆ.

ಕ್ರಾಸ್ ದಾಟುವ ವಿಧಾನ

ಹಾಲಿನ ಕ್ಯಾನ್ ಇದ್ದವನು ರಾಜ. ಖಾಲಿ ಇದ್ದರೂ ಪರವಾಗಿಲ್ಲ, ಡೈರಿಗೆ ಹಾಕಿ ಬರುತ್ತಿದ್ದೇನೆ ಎನ್ನಬಹುದು. ಹಸು ಇಲ್ಲದವರು ಆಸ್ಪತ್ರೆ ಚೀಟಿ ಇಟ್ಟುಕೊಳ್ಳಿ. ಚೀಟಿಯ ದಿನಾಂಕ ಹಳೆಯದಾಗಿದ್ದರೆ ಆ ಮೂಲೆಯನ್ನು ಮಡಿಚಿ ತೋರಿಸತಕ್ಕದ್ದು. ಮಾಸ್ಕ್ ಇಲ್ಲದಿದ್ದರೆ ಹೆಗಲ ಮೇಲಿನ ಟವೆಲ್ಲೇ ಸಾಕು. ಅದು ಬೆವರೊರೆಸಲು, ಬುತ್ತಿ ಕಟ್ಟಲು, ಸೀಟು ಹಿಡಿಯಲು, ಸಾವಿನ ಮನೆಯಲ್ಲಿ ಮುಖ ಮುಚ್ಚಲು ಆಗಲೇ ಪರೀಕ್ಷೆಗೊಳಗಾದ ವಸ್ತು.

ಮಾತುಕತೆಯ ಮಾದರಿ ಕೆಳಗಿದೆ. ಬಾಯಿಪಾಠ ಮಾಡಿಕೊಳ್ಳಿ.

"ಯಾವೂರ್ಲಾ?"

"ಹೊನ್ನವಳ್ಳಿ ಕಡೆ ಸಾ."

"ಎಲ್ಲಿಗೊಂಟೆ?"

"ಕಾಯಿ ಸುಲಿಯಕ್ಕೆ ಆಳು ಕರ್ಕಂಬರಾನ ಅಂತ ಸಾ."

"ಇವತ್ತು ಸುಲೀದಿದ್ರೆ ಕಾಯೇನ್ ಓಡೋಯ್ತದಾ?"

"ರೈತರ ಕೆಲ್ಸುಕ್ಕೆ ಬುಟ್ಟವ್ರಂತೆ ಸಾ. ಪೇಪರ್‌ನಾಗೆ ಬಂದಿತ್ತು."

ಕೊನೆಯ ವಾಕ್ಯವನ್ನು ಎಚ್ಚರಿಕೆಯಿಂದ ಗಮನಿಸಿ. ಅದು ನಿಜ. ಕೃಷಿ ಕೆಲಸ, ಬೆಳೆ ಖರೀದಿ, ಎಪಿಎಂಸಿ ಇವಕ್ಕೆಲ್ಲ ಕೇಂದ್ರ ಗೃಹ ಇಲಾಖೆ 2020ರ ಮಾರ್ಚ್ 27ರಂದೇ ವಿನಾಯಿತಿ ಕೊಟ್ಟಿತ್ತು. ಆದರೂ ಅದನ್ನು ಬ್ಯಾರಿಕೇಡ್ ಮುಂದೆ ಹೇಳಬಾರದು. ತನಗೆ ಇನ್ನೂ ಬಾರದ ಆದೇಶ ಟವೆಲ್ ಸುತ್ತಿಕೊಂಡವನಿಗೆ ಪೇಪರಿನಲ್ಲಿ ಬಂದಿದೆ ಎಂದರೆ ಯಾವ ಪೇದೆಗೆ ತಾನೆ ಸಹನೆಯಾದೀತು? "ಪೇಪರ್‌ನಾಗೆ ಬಂದಿತ್ತು" ಎಂದವನು ವಾಪಸ್ ಹೋಗುತ್ತಾನೆ. "ತಪ್ಪಾಯ್ತು ಸಾ, ಇದೊಂದ್ ಸಲ ಬುಟ್ಬುಡಿ" ಎಂದವನು ದಾಟುತ್ತಾನೆ. ಹಕ್ಕು ಎಂದು ಕೇಳಿದ್ದು ಸಿಗದೆ, ಭಿಕ್ಷೆ ಎಂದು ಕೇಳಿದ್ದು ಸಿಗುವ ಈ ಏರ್ಪಾಟು ಲಾಕ್‌ಡೌನ್‌ಗೆ ಮೊದಲೂ ಇತ್ತು, ಲಾಕ್‌ಡೌನ್ ಅದನ್ನು ರಸ್ತೆ ಮಧ್ಯಕ್ಕೆ ತಂದು ನಿಲ್ಲಿಸಿತು ಅಷ್ಟೇ.

ಅತ್ತ ಆ ವರ್ಷ ಕ್ವಿಂಟಾಲ್ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 10,300 ರೂಪಾಯಿ. ಅಟ್ಟದ ಮೇಲಿರುವುದು ರೈತನ ಇಡೀ ವರ್ಷದ ದುಡ್ಡು. ಆದರೆ ಸುಲಿಯುವವನಿಲ್ಲದೆ, ಚಿಪ್ಪು ಒಡೆಯುವವರಿಲ್ಲದೆ, ಉತ್ತರ ಭಾರತಕ್ಕೆ ಹೊತ್ತೊಯ್ಯುವ ಲಾರಿ ಇಲ್ಲದೆ ಅದು ದುಡ್ಡಾಗುವುದಿಲ್ಲ. ಅಟ್ಟ ಇದ್ದವನಾದರೂ ಕಾಯಬಲ್ಲ. ಸುಲಿಯುವವನಿಗೆ ಅಟ್ಟವೇ ಇಲ್ಲ. ಬ್ಯಾರಿಕೇಡಿನ ಆಚೆ ನಿಂತು ದಿನದ ಕೂಲಿ ಕಳೆದುಕೊಂಡವನು ಅವನು, ಯಾವ ಪಾಸಿನ ನಮೂನೆಯಲ್ಲೂ ಅವನ ಕಸುಬಿಗೆ ಪ್ರತ್ಯೇಕ ಕಲಂ ಇರಲಿಲ್ಲ.

ಪೇದೆಯ ಕಡೆಯಿಂದಲೂ ಒಮ್ಮೆ ನೋಡತಕ್ಕದ್ದು. ಆದೇಶ ಅವನಿಗೆ ಬರುವುದು ವಾಟ್ಸಾಪಿನಲ್ಲಿ, ಇಂಗ್ಲಿಷಿನಲ್ಲಿ, ಹನ್ನೊಂದು ಪುಟದ ಪಿಡಿಎಫ್ ಆಗಿ. ಏಪ್ರಿಲ್ ಬಿಸಿಲು. ಎದುರಿನ ಟೀ ಅಂಗಡಿ ಮುಚ್ಚಿಸಿದವನು ಅವನೇ, ಆದ್ದರಿಂದ ಟೀಯೂ ಇಲ್ಲ. ಬಂದವರೆಲ್ಲ ಅವನ ಮುಖಕ್ಕೇ ಕೆಮ್ಮುತ್ತಾರೆ. ಸಂಜೆ ಮನೆಗೆ ಹೋದರೆ ಹೆಂಡತಿ ಮಕ್ಕಳನ್ನು ಮುಟ್ಟಲು ಭಯ. ಅವನ ಕೈಯಲ್ಲಿ ಲಾಠಿ ಕೊಟ್ಟವರಾರೂ ಆ ಪಿಡಿಎಫ್‌ಗೆ ಕನ್ನಡದಲ್ಲಿ ಅರ್ಧ ಪುಟದ ಟಿಪ್ಪಣಿ ಕೊಡಲಿಲ್ಲ. ಬೆಂಗಳೂರಿನಲ್ಲಿ ಹೊಡೆತದ ವಿಡಿಯೋಗಳು ಹರಿದಾಡಿದ ಮೇಲೆ ಆಗಿನ ಪೊಲೀಸ್ ಕಮಿಷನರ್ ಭಾಸ್ಕರ್ ರಾವ್ ಲಾಠಿಯನ್ನು ಠಾಣೆಯಲ್ಲೇ ಬಿಟ್ಟು ಹೊರಡಿ ಎಂದು ತಮ್ಮ ಸಿಬ್ಬಂದಿಗೆ ಹೇಳಬೇಕಾಯಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಹೈಕೋರ್ಟ್ ಪೀಠವೂ ಪೊಲೀಸರ ಬಲಪ್ರಯೋಗದ ಬಗ್ಗೆ ಸರ್ಕಾರವನ್ನು ಕೇಳಿತು. ಕಮಿಷನರ ಮಾತು ಬೆಂಗಳೂರಿನ ಗಡಿಗೇ ನಿಲ್ಲುತ್ತದೆ, ಕೆ.ಬಿ. ಕ್ರಾಸ್ ತಲುಪುವುದರೊಳಗೆ ಟೋಲ್ ಬರುತ್ತದೆ.

ಸೆಲ್ಫಿ ತೆಗೆಯುವ ವಿಧಾನ

ಹೊರಗಿನಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆದವರು ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದು 2020ರ ಮಾರ್ಚ್ ಕೊನೆಯಲ್ಲಿ ರಾಜ್ಯ ಸರ್ಕಾರ ಆಜ್ಞೆ ಮಾಡಿತು. ಅದಕ್ಕೆ ಆ್ಯಪ್ ಕೂಡ ಬಂತು. ತೋಟದ ಮನೆಗಳಲ್ಲಿ ಇರುವ ತೊಂದರೆ ಒಂದೇ: ಮನೆಯೊಳಗೆ ಇದ್ದರೆ ಟವರ್ ಸಿಗುವುದಿಲ್ಲ. ಮನೆಯೊಳಗೇ ಇದ್ದೇನೆ ಎಂದು ಸಾಬೀತು ಮಾಡಲು ಬೋರ್‌ವೆಲ್ ಪಕ್ಕದ ದಿಬ್ಬಕ್ಕೆ ಹೋಗಿ ಬರಬೇಕು. ಹಿನ್ನೆಲೆಯಲ್ಲಿ ತೆಂಗಿನ ಮರ ಕಾಣದ ಹಾಗೆ, ಗೋಡೆಗೆ ಹಾಕುವ ಬಿಳಿ ಪಂಚೆಯೊಂದನ್ನು ಜೊತೆಗೊಯ್ಯುವುದು ಒಳ್ಳೆಯದು.

ಇದೇ ಸರ್ಕಾರ ಅದೇ ತಿಂಗಳು ಬೆಂಗಳೂರಿನಲ್ಲಿ ಕ್ವಾರಂಟೈನ್ ಆದವರ ಮನೆ ವಿಳಾಸಗಳ ಪಟ್ಟಿಯನ್ನು ತಾನೇ ಪ್ರಕಟಿಸಿತು. ಯಾವ ಮಾಹಿತಿ ಗುಟ್ಟು, ಯಾವುದು ರಟ್ಟು ಎಂಬುದನ್ನು ಕಲಿಯಲು ಇದೊಂದೇ ಉದಾಹರಣೆ ಸಾಕು: ನಿಮ್ಮ ಮನೆಯ ವಿಳಾಸ ರಟ್ಟು, ಆಸ್ಪತ್ರೆಯ ಲೆಕ್ಕ ಗುಟ್ಟು.

ವರದಿಗಾರ: ಬಳಕೆ ಮತ್ತು ನಿರ್ವಹಣೆ

ಪ್ರತಿ ತಾಲ್ಲೂಕು ಕೇಂದ್ರದೊಂದಿಗೆ ಹತ್ತರಿಂದ ಇಪ್ಪತ್ತು ವರದಿಗಾರರನ್ನು ಒದಗಿಸಲಾಗಿರುತ್ತದೆ. ಬೈಕಿನ ಮುಂದೆ ಕೆಂಪು ಅಕ್ಷರದ ಪ್ರೆಸ್ ಸ್ಟಿಕ್ಕರ್ ನೋಡಿ ಗುರುತಿಸಬಹುದು. ಆ ಸ್ಟಿಕ್ಕರ್ ಅಂಟಿಸಿಕೊಂಡವರೆಲ್ಲ ಬರೆಯುವವರಲ್ಲ, ಬರೆಯುವವರೆಲ್ಲರ ಬಳಿ ಸ್ಟಿಕ್ಕರ್ ಇರುವುದಿಲ್ಲ.

ತಾಲ್ಲೂಕು ವರದಿಗಾರನ ಒಳಗಿನ ಯಂತ್ರ ತಿಳಿದರೆ ಬಳಕೆ ಸುಲಭ. ಅವನಿಗೆ ಸಾಮಾನ್ಯವಾಗಿ ಸಂಬಳ ಇರುವುದಿಲ್ಲ. ಸುದ್ದಿಗಿಷ್ಟು ಎಂದು ಬಂದರೆ ಬಂತು, ಇಲ್ಲವಾದರೆ ತಾನು ತಂದುಕೊಟ್ಟ ಜಾಹೀರಾತಿನ ಮೇಲೆ ಕಮಿಷನ್. ಹಲವೆಡೆ ಅವನೇ ಏಜೆಂಟು, ಬೆಳಗಿನ ಜಾವ ಬಸ್ ನಿಲ್ದಾಣದಲ್ಲಿ ಬಂಡಲ್ ಇಳಿಸಿಕೊಳ್ಳುವವನೂ ಅವನೇ. ಯುಗಾದಿ ವಿಶೇಷಾಂಕ, ದೀಪಾವಳಿ ವಿಶೇಷಾಂಕ, ಊರ ಜಾತ್ರೆ, ಎಲ್ಲಕ್ಕಿಂತ ಮಿಗಿಲಾಗಿ ನಾಯಕರ ಹುಟ್ಟುಹಬ್ಬ, ಇವು ಅವನ ಸುಗ್ಗಿ. ಕೈಮುಗಿದು ನಿಂತ ನಾಯಕ, ಸುತ್ತ ಅಂಚೆಚೀಟಿಯಷ್ಟು ದೊಡ್ಡ ಹಿಂಬಾಲಕರ ಮುಖಗಳು. ಆ ಅರ್ಧ ಪುಟದಲ್ಲಿ ಅವನ ಮಗಳ ಕಾಲೇಜು ಫೀಸಿದೆ.

ಲಾಕ್‌ಡೌನ್ ಬಿದ್ದೊಡನೆ ಅಂಗಡಿಗಳು ಮುಚ್ಚಿದವು, ಜಾಹೀರಾತು ನಿಂತವು. ಪೇಪರಿನಿಂದಲೇ ರೋಗ ಬರುತ್ತದೆ ಎಂದು ಯಾರೋ ಹಬ್ಬಿಸಿದರು. ಜನ ಪೇಪರನ್ನು ಗೇಟಿನ ಆಚೆಯೇ ನಿಲ್ಲಿಸಿದರು. ಆ ಸುಳ್ಳನ್ನು ಅಲ್ಲಗಳೆಯಲು ಪತ್ರಿಕೆಗಳು ಪತ್ರಿಕೆಯಲ್ಲೇ ಬರೆದವು, ಅದನ್ನು ಓದಲು ಪತ್ರಿಕೆಯನ್ನು ಮುಟ್ಟಬೇಕಿತ್ತು. ಅಂಥ ದಿನಗಳಲ್ಲಿ ವರದಿಗಾರನಿಗೆ ಉಳಿದದ್ದು ಎರಡು ಆಸರೆ: ತಾಲ್ಲೂಕು ಆಡಳಿತ ಕೊಡುವ ಓಡಾಟದ ಪಾಸು, ಮತ್ತು ಇಲಾಖೆಗಳವರು ನಡೆಸುವ ವಾಟ್ಸಾಪ್ ಗುಂಪು. ಗುಂಪಿನಲ್ಲಿ ದಿನಕ್ಕೆ ಮೂರು ಸಲ ಫೋಟೊ ಬರುತ್ತಿದ್ದವು. ಒಂದು ಆಹಾರದ ಕಿಟ್, ಅದನ್ನು ಹಿಡಿದ ಹದಿನಾಲ್ಕು ಕೈ, ಪಡೆದುಕೊಂಡ ಅಜ್ಜಿಯ ಮುಖ ಮಾತ್ರ ಫ್ರೇಮಿನಿಂದ ಹೊರಗೆ.

ಪತ್ರಿಕಾ ಸ್ವಾತಂತ್ರ್ಯ ಎಂದೊಡನೆ ನಮಗೆ ಸೆನ್ಸಾರ್ ಕತ್ತರಿ, ಜೈಲು, ತುರ್ತು ಪರಿಸ್ಥಿತಿ ನೆನಪಾಗುತ್ತವೆ. ಅವೂ ಇದ್ದೇ ಇವೆ. 1908ರಲ್ಲಿ ಮೈಸೂರು ಸಂಸ್ಥಾನದ ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ ಪತ್ರಿಕಾ ಶಾಸನ ಬಂದು ಹಲವು ಪತ್ರಿಕೆಗಳು ಬಾಗಿಲು ಹಾಕಿದವು. 2020ರ ಮಾರ್ಚ್‌ನಲ್ಲಿ ದಿಲ್ಲಿ ಸರ್ಕಾರ ಹೊರಡಿಸಿದ ಕೋವಿಡ್ ನಿಯಮವಂತೂ ಆರೋಗ್ಯ ಇಲಾಖೆಯ ಪೂರ್ವಾನುಮತಿ ಇಲ್ಲದೆ ಮಾಧ್ಯಮಗಳನ್ನು ತಪ್ಪು ಮಾಹಿತಿಗೆ ಬಳಸಬಾರದು ಎಂದಿತು. ಅನುಮತಿ ಪಡೆದು ಬಳಸಬಹುದು ಎಂದಾಯಿತಲ್ಲ! ಬರೆದವರಿಗೆ ಅರಿವಿಲ್ಲದೆ ನಿಜ ಹೊರಬಿದ್ದ ಅಪರೂಪದ ಸರ್ಕಾರಿ ವಾಕ್ಯ ಇದು. ಮಾರ್ಚ್ 31ರಂದು ಸುಪ್ರೀಂ ಕೋರ್ಟ್, ಸಾಂಕ್ರಾಮಿಕದ ಬಗೆಗಿನ ಮುಕ್ತ ಚರ್ಚೆಗೆ ಅಡ್ಡ ಬರುವುದಿಲ್ಲ ಎನ್ನುತ್ತಲೇ, ಬೆಳವಣಿಗೆಗಳ ಅಧಿಕೃತ ವಿವರಣೆಯನ್ನು ಉಲ್ಲೇಖಿಸಿ ಪ್ರಕಟಿಸಿ ಎಂದು ಮಾಧ್ಯಮಗಳಿಗೆ ಹೇಳಿತು. ಅದೇ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ, ಮುಖ್ಯಮಂತ್ರಿ ಕುಟುಂಬದ ಮೇಲೆ ಭ್ರಷ್ಟಾಚಾರದ ಆರೋಪದ ವರದಿ ಮಾಡುತ್ತಿದ್ದ ಪವರ್ ಟಿ.ವಿ. ಕಚೇರಿಗೆ ಬೆಂಗಳೂರು ಪೊಲೀಸರು ಹೋಗಿ ಸರ್ವರ್ ವಶಪಡಿಸಿಕೊಂಡರು, ಪ್ರಸಾರ ನಿಂತಿತು. ಸುಲಿಗೆಯ ದೂರು ಇತ್ತು ಎಂಬುದು ಪೊಲೀಸರ ಮಾತು. ದೂರಿಗೆ ತನಿಖೆ ಸರಿಯೇ. ತನಿಖೆಗೆ ಚಾನೆಲ್ಲೇ ಕತ್ತಲಾಗಬೇಕಿತ್ತೇ ಎಂಬುದು ನನ್ನ ಮಾತು.

ಆದರೆ ತಾಲ್ಲೂಕಿಗೆ ಇಷ್ಟೆಲ್ಲ ಸಾಮಾನು ಬೇಡ. ದಿವಾನರಿಗೆ ಶಾಸನ ಬೇಕಾಯಿತು. ಇಲ್ಲಿ ಬಾಕಿ ಇರುವ ಜಾಹೀರಾತಿನ ಬಿಲ್ಲು ಸಾಕು. ಲಾಠಿ ಏಟಿನ ಸುದ್ದಿ ಬರೆದವನ ಪಾಸು ನವೀಕರಣವಾಗುವುದು ತಡವಾಗುತ್ತದೆ. ಕೊಳೆತ ರೇಷನ್ ಅಕ್ಕಿಯ ಸುದ್ದಿ ಬರೆದವನನ್ನು ಗುಂಪಿನಿಂದ ತೆಗೆಯಲಾಗುತ್ತದೆ. ಯಾರೂ ಯಾರನ್ನೂ ಬಂಧಿಸಲಿಲ್ಲ, ಯಾವ ಕಲಮೂ ಬೀಳಲಿಲ್ಲ, ಅಂತರರಾಷ್ಟ್ರೀಯ ಸೂಚ್ಯಂಕ ಯಾವುದರಲ್ಲೂ ಇದು ದಾಖಲಾಗುವುದಿಲ್ಲ. ಸುದ್ದಿ ಮಾತ್ರ ಬರುವುದಿಲ್ಲ.

2021ರ ಮೇ 4ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಪತ್ರಕರ್ತರನ್ನು ಮುಂಚೂಣಿ ಕಾರ್ಯಕರ್ತರೆಂದು ಘೋಷಿಸಿದರು. ಲಸಿಕೆಗೆ ಆದ್ಯತೆ. ಬಹಳ ಒಳ್ಳೆಯ ಕೆಲಸ. ಪತ್ರಕರ್ತ ಎಂದರೆ ಯಾರು ಎಂಬುದಕ್ಕೆ ಕಾರ್ಡು ಬೇಕು. ಸಂಬಳದ ಚೀಟಿಯೇ ಇಲ್ಲದವನಿಗೆ ಆ ಕಾರ್ಡು ಎಲ್ಲಿಂದ ಬರಬೇಕು? ಈ ಸೀಮೆಯಲ್ಲಿ ಯಾವ ಮಾನ್ಯತೆಯೂ ಇಲ್ಲದೆ ಬರೆದು ಜನರನ್ನು ನಂಬಿಸುವ ಶಕ್ತಿ ಇರುವುದು ದಸರಿಘಟ್ಟದ ಚೌಡೇಶ್ವರಿಗೆ ಮಾತ್ರ. ಕೇಳಿದ ಪ್ರಶ್ನೆಗೆ ಅಮ್ಮ ಬರೆದೇ ಉತ್ತರ ಕೊಡುತ್ತಾಳೆ. 2020ರ ಲಾಕ್‌ಡೌನಿನಲ್ಲಿ ಗುಡಿಗಳ ಬಾಗಿಲೂ ಮುಚ್ಚಿದ್ದರಿಂದ ಜೂನ್‌ವರೆಗೆ ಭಕ್ತರಿಗೆ ಆ ವರದಿಯೂ ಸಿಗಲಿಲ್ಲ.

ಹುಟ್ಟುಹಬ್ಬ ಆಚರಿಸುವ ವಿಧಾನ

ಸಾಮಾನ್ಯ ಬಳಕೆದಾರರು: ಮನೆಯೊಳಗೆ, ಪಾಯಸ, ಸದ್ದಿಲ್ಲದೆ.

ಶಾಸಕರು: 2020ರ ಏಪ್ರಿಲ್ 10, ದೇಶದ ಲಾಕ್‌ಡೌನಿಗೆ ಹದಿನೇಳನೇ ದಿನ. ತುರುವೇಕೆರೆ ಶಾಸಕ, ಮಸಾಲ ಜಯರಾಂ ಎಂದೇ ಹೆಸರಾದ ಎಂ. ಜಯರಾಂ, ಗುಬ್ಬಿ ತಾಲ್ಲೂಕಿನಲ್ಲಿ ಊರಿನವರನ್ನು ಸೇರಿಸಿಕೊಂಡು ಹುಟ್ಟುಹಬ್ಬ ಮಾಡಿಕೊಂಡರು. ಕೇಕ್ ಕತ್ತರಿಸಿದ್ದಾಯಿತು, ಜನಕ್ಕೆ ಬಿರಿಯಾನಿ ಬಡಿಸಿದ್ದಾಯಿತು. ರಾಷ್ಟ್ರೀಯ ಸುದ್ದಿಸಂಸ್ಥೆ ಚಿತ್ರ ಹಾಕಿತು. ತುರುವೇಕೆರೆ ಎಂಬ ಹೆಸರನ್ನು ಉಚ್ಚರಿಸಲು ಬಾರದ ದಿಲ್ಲಿಯ ನಿರೂಪಕರು ಅಂದು ನಮ್ಮ ಸೀಮೆಯನ್ನು ದೇಶಕ್ಕೆಲ್ಲ ಪರಿಚಯಿಸಿದರು. ತುರುವೇಕೆರೆಯ ಗಂಗಾಧರೇಶ್ವರನ ಗುಡಿಯ ಕಲ್ಲಿನ ಗಂಟೆಗೆ ಸಿಗದ ಪ್ರಚಾರ ಒಂದು ಬಿರಿಯಾನಿ ದಬರಿಗೆ ಸಿಕ್ಕಿತು.

ಅವರೊಬ್ಬರನ್ನೇ ಹಿಡಿದು ಆಡುವುದು ನ್ಯಾಯವಲ್ಲ. ಮದುವೆಗೆ ನೂರೇ ಜನ ಎಂದು ಹೇಳಿದ ಬೆನ್ನಿಗೇ, ಮಾರ್ಚ್ 15ರಂದು, ಬೆಳಗಾವಿಯ ಭಾರಿ ಮದುವೆಯೊಂದಕ್ಕೆ ಸ್ವತಃ ಮುಖ್ಯಮಂತ್ರಿ ಹೋಗಿ ಅಕ್ಷತೆ ಹಾಕಿ ಬಂದಿದ್ದರು. ಏಪ್ರಿಲ್ 17ಕ್ಕೆ ರಾಮನಗರದ ತೋಟದಲ್ಲಿ ಮಾಜಿ ಮುಖ್ಯಮಂತ್ರಿಯ ಮಗನ ಮದುವೆ. ಪಕ್ಷಭೇದವಿಲ್ಲದೆ ನಡೆದ ಕೆಲವೇ ಕಾರ್ಯಗಳಲ್ಲಿ ಇದೂ ಒಂದು.

ನಾನು ಹೇಳಹೊರಟದ್ದು ಬೇರೆ. ಯಾವುದೇ ನಾಯಕನ ಇಂಥ ಹುಟ್ಟುಹಬ್ಬ ತಾಲ್ಲೂಕು ವರದಿಗಾರನ ಮುಂದೆ ಬಂದಾಗ ಅವನು ಏನು ಮಾಡಬೇಕು? "ಬಡವರಿಗೆ ಅನ್ನದಾನ" ಎಂದು ತಲೆಬರಹ ಕೊಟ್ಟರೆ ಮುಂದಿನ ವರ್ಷದ ಅರ್ಧ ಪುಟ ಖಾತ್ರಿ. "ನಿಯಮ ಉಲ್ಲಂಘನೆ" ಎಂದು ಬರೆದರೆ ಅರ್ಧ ಪುಟ ಪಕ್ಕದ ಪತ್ರಿಕೆಯವನಿಗೆ. ದಿಲ್ಲಿಯ ನಿರೂಪಕ ಧೈರ್ಯವಂತ, ಅವನಿಗೆ ತುರುವೇಕೆರೆಯಲ್ಲಿ ವಸೂಲಾಗಬೇಕಾದ ಬಿಲ್ಲಿಲ್ಲ.

ಕ್ಯಾಮೆರಾ

ವರದಿಗಾರ ಬರೆಯಲಾರದ್ದನ್ನು ಮೊಬೈಲು ಬರೆಯಿತು. 2020ರ ಮೇ 20ರಂದು ಕೋಲಾರದ ಕೆರೆಯೊಂದರ ಬಳಿ, ಒತ್ತುವರಿಯ ಬಗ್ಗೆ ಪ್ರಶ್ನೆ ಕೇಳಿದ ರೈತ ಮಹಿಳೆಯೊಬ್ಬರನ್ನು ಸಚಿವ ಮಾಧುಸ್ವಾಮಿ ರಾಸ್ಕಲ್ ಎಂದು ಬೈದರು. ವಿಡಿಯೋ ಊರೂರು ಸುತ್ತಿತು, ಮುಖ್ಯಮಂತ್ರಿ ಬೇಸರ ವ್ಯಕ್ತಪಡಿಸಿದರು, ಸಚಿವರು ಕ್ಷಮೆ ಕೇಳಿದರು. ಕ್ಯಾಮೆರಾ ಇಲ್ಲದೆ ಹೋಗಿದ್ದರೆ ಆ ಹೆಣ್ಣುಮಗಳು "ಸಚಿವರ ಕಾರ್ಯಕ್ಕೆ ಅಡ್ಡಿ" ಎಂಬ ಎರಡು ಸಾಲಿನ ಸುದ್ದಿಯಾಗಿ ಮುಗಿದುಹೋಗುತ್ತಿದ್ದರು.

ಎಚ್ಚರಿಕೆ: ಲಾಠಿ ಬೀಸುವಾಗ ಚಿತ್ರೀಕರಿಸುವವರು ಮೊಬೈಲನ್ನು ಎದೆಯ ಮಟ್ಟದಲ್ಲಿ, ಕರೆ ಮಾಡುತ್ತಿರುವಂತೆ ಹಿಡಿಯತಕ್ಕದ್ದು. ಗುಂಪಿನ ಅಡ್ಮಿನ್‌ಗಳಿಗೆ ಪ್ರತ್ಯೇಕ ಎಚ್ಚರಿಕೆ: ಬೇರೆಯವರು ಹಾಕಿದ್ದಕ್ಕೂ ನೀವೇ ಹೊಣೆ ಎಂದು ಹೆದರಿಸುವವರು ಬರುತ್ತಾರೆ. ಸುಳ್ಳು ಹಬ್ಬಿಸಿದವರನ್ನು ಹಿಡಿದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಹೊರಗೆ ಹೋಗಿ ಬಾಯಿ ತೆರೆದು ಸೀನಿ ವೈರಸ್ ಹರಡಿ ಎಂದು ಬರೆದ ಬೆಂಗಳೂರಿನ ಸಾಫ್ಟ್‌ವೇರ್ ನೌಕರನೊಬ್ಬನನ್ನು 2020ರ ಮಾರ್ಚ್‌ನಲ್ಲಿ ಬಂಧಿಸಿದರು, ಸರಿಯಾಗಿಯೇ ಮಾಡಿದರು. ಅವನಿಗೂ, ಕೊಳೆತ ಅಕ್ಕಿಯ ಫೋಟೊ ಹಾಕಿದವನಿಗೂ ಒಂದೇ ಅಳತೆಗೋಲು ಹಿಡಿಯುವುದೇ ಕೆಟ್ಟದ್ದು.

ಪತ್ರಿಕೋದ್ಯಮ ಅಧಿಕಾರವನ್ನು ಕಟ್ಟಿಹಾಕಿದ ಒಂದು ಪ್ರಸಂಗವೂ ದಾಖಲೆಯಲ್ಲಿದೆ. ಅದೇ ವರ್ಷ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ವಿಡಿಯೋ ಪತ್ರಕರ್ತರೊಬ್ಬರಿಗೆ ಸೋಂಕು ತಗುಲಿತು. ಅವರ ಸಂಪರ್ಕಕ್ಕೆ ಬಂದಿದ್ದ ಹಲವು ಸಚಿವರು ಮನೆಯಲ್ಲೇ ಕ್ವಾರಂಟೈನ್ ಆಗಬೇಕಾಯಿತು. ಬೈಟ್ ಬೇಕೆಂದು ಮೈಕು ಹಿಡಿದು ಹಿಂದೆ ಓಡಿದವನಿಗೂ, ಬೈಟ್ ಕೊಡಲು ನಿಂತವರಿಗೂ ವೈರಸ್ಸು ಭೇದ ಮಾಡಲಿಲ್ಲ. ಮಾರನೆಯ ದಿನ ಬೇರೆ ಕ್ಯಾಮೆರಾ ಹೊತ್ತು ಬೇರೆ ಹುಡುಗ ಹೋದ.

ಸಂಖ್ಯೆ ಓದುವ ವಿಧಾನ

ಕೆ.ಬಿ. ಕ್ರಾಸ್ ಮೂಲಕ ಹಾದುಹೋಗುವ 150ಎ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗುತ್ತಲೇ ಇದ್ದರೆ ತುರುವೇಕೆರೆ, ನಾಗಮಂಗಲ, ಮೈಸೂರು ದಾಟಿ ಕೊನೆಗೆ ಚಾಮರಾಜನಗರ ಸಿಗುತ್ತದೆ. 2021ರ ಮೇ 2ರ ರಾತ್ರಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಖಾಲಿಯಾಯಿತು. ಒಂದು ದಿನದೊಳಗೆ 24 ಜನ ಸತ್ತರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂದು ಆರೋಗ್ಯ ಸಚಿವ ಸುಧಾಕರ್ ಹೇಳಿದರು. ಮೂವರ ಲೆಕ್ಕ ನಿಲ್ಲಲಿಲ್ಲ. ಸ್ಥಳೀಯರು, ವರದಿಗಾರರು, ಸತ್ತವರ ಮನೆಯವರು ಸುಮ್ಮನಿರಲಿಲ್ಲ. ಹೈಕೋರ್ಟ್, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ನೇತೃತ್ವದಲ್ಲಿ ಸಮಿತಿ ಮಾಡಿತು, ಆಮ್ಲಜನಕವಿಲ್ಲದೆ ಹೋದದ್ದನ್ನು ಸಮಿತಿ ದಾಖಲಿಸಿತು.

ಇಲ್ಲಿ ತಮಾಷೆ ಮಾಡುವಂಥದ್ದು ಏನೂ ಇಲ್ಲ. ಸೂಚನೆಯೂ ಒಂದೇ. ಅಧಿಕೃತ ಸಂಖ್ಯೆಯನ್ನು ಪ್ರಕಟಿಸಿ ಎಂದಾಗ ಪ್ರಕಟಿಸಿ. ಆಮೇಲೆ ಸ್ಮಶಾನಕ್ಕೆ ಹೋಗಿ ಎಣಿಸಿ.

ಆಗಾಗ ಬರುವ ದೋಷಗಳು

*ಅಂಗಡಿ ಹತ್ತು ಕಿಲೋಮೀಟರ್ ದೂರ, ಗಾಡಿ ತರುವಂತಿಲ್ಲ:* 2021ರ ಮೇ 10ರಿಂದ ಬೆಳಗ್ಗೆ 6ರಿಂದ 10ರವರೆಗೆ ಸಾಮಾನು ತರಬಹುದು, ಆದರೆ ನಡೆದೇ ತರಬೇಕು ಎಂದು ಆದೇಶ. ಬೆಂಗಳೂರಿನ ಬಡಾವಣೆ ನೋಡಿಕೊಂಡು ಬರೆದದ್ದು. ಹಂದನಕೆರೆ ಕಡೆಯ ತೋಟದ ಮನೆಯವನು ಹೊರಟು ಪೇಟೆ ಮುಟ್ಟುವಾಗ ಹತ್ತು ಹೊಡೆದಿರುತ್ತದೆ. ಹತ್ತಿರದ ಅಂಗಡಿಗೆ ಗಾಡಿ ಬಳಸಬಹುದು ಎಂದು ಡಿಜಿಪಿ ಪ್ರವೀಣ್ ಸೂದ್ ಆಮೇಲೆ ಸ್ಪಷ್ಟಪಡಿಸಿದರು. ಬೆಳಗ್ಗೆ ಬಿದ್ದ ಏಟಿಗೆ ಮಧ್ಯಾಹ್ನದ ಸ್ಪಷ್ಟನೆ ಅನ್ವಯಿಸುವುದಿಲ್ಲ.

*ಒಂಬತ್ತು ನಿಮಿಷ ದೀಪ ಆರಿಸಲು ಕರೆ ಬಂದಿದೆ:* ಏನೂ ಮಾಡಬೇಕಿಲ್ಲ. ಬೆಸ್ಕಾಂ ನೋಡಿಕೊಳ್ಳುತ್ತದೆ.

*ಮದ್ಯದಂಗಡಿ ಮುಂದೆ ಪೊಲೀಸರು ಸಾಲು ನಿಲ್ಲಿಸುತ್ತಿದ್ದಾರೆ, ಹೊಡೆಯುತ್ತಿಲ್ಲ:* ದೋಷವಲ್ಲ. 2020ರ ಮೇ 4ರಂದು ಅಂಗಡಿ ತೆರೆದ ಮೊದಲ ದಿನ ರಾಜ್ಯದಲ್ಲಿ 45 ಕೋಟಿ, ಎರಡನೇ ದಿನ 197 ಕೋಟಿ ವ್ಯಾಪಾರವಾಯಿತು. ಬೊಕ್ಕಸಕ್ಕೆ ಹೋಗುವ ದಾರಿಯಲ್ಲಿ ಬ್ಯಾರಿಕೇಡ್ ಇರುವುದಿಲ್ಲ.

ಖಾತರಿ

ಈ ಕೈಪಿಡಿಗೆ ಖಾತರಿ ಇಲ್ಲ. ಏಟು ತಿಂದವರು, ಗಾಡಿ ಕಳೆದುಕೊಂಡವರು, ಸುದ್ದಿ ಹಾಕಿದ್ದಕ್ಕೆ ನೋಟಿಸು ಬಂದವರು, ಸುದ್ದಿ ಹಾಕದ್ದಕ್ಕೆ ನಿದ್ದೆ ಬಾರದವರು ತಮ್ಮ ದೂರನ್ನು ಆದೇಶದ ಪ್ರತಿ, ಆಧಾರ್ ಕಾರ್ಡಿನ ಪ್ರತಿ, ಗಾಯದ ಭಾವಚಿತ್ರ ಇವುಗಳ ತಲಾ ಮೂರು ನಕಲಿನೊಂದಿಗೆ ಸಂಬಂಧಪಟ್ಟ ಕಚೇರಿಗೆ ಸಲ್ಲಿಸಬಹುದು. ಬೆಳಗ್ಗೆ 6ರಿಂದ 10ರೊಳಗೆ, ಮಾಸ್ಕ್ ಧರಿಸಿ, ನಡೆದುಕೊಂಡೇ ಬರತಕ್ಕದ್ದು. ಜೆರಾಕ್ಸ್ ಅಂಗಡಿ ಅಗತ್ಯ ಸೇವೆಗಳ ಪಟ್ಟಿಯಲ್ಲಿ ಇರುವುದಿಲ್ಲ.